‘ಆದರೂ’ ಎಂಬ ಪದ ಮತ್ತು ಒಂದು ನಾದಸ್ವರ

ಚೆನ್ನೈನ ಹಿರಿಯ ಸಂಗೀತ ರಸಿಕರ ಹತ್ತಿರ ಶೇಖ್ ಚಿನ್ನ ಮೌಲಾನಾ ಅವರ ಹೆಸರು ಎತ್ತಿ ನೋಡಿ. ಮುಖ ಅರಳ್ತದೆ. ‘ನಾನು ಅವರನ್ನ ಎದುರಿಗೆ ಕೂತು ಕೇಳಿದ್ದೇನೆ’ ಅಂತ ಹೆಮ್ಮೆಯಿಂದ ಶುರು ಮಾಡ್ತಾರೆ. ಆಮೇಲೆ ಬರುವ ಮಾತುಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಅವರು ಮುಸ್ಲಿಂ ಆಗಿದ್ದರೂ ಶ್ರೀರಂಗಂನಲ್ಲಿ ನೆಲೆಸಿದರು. ಮುಸ್ಲಿಂ ಆಗಿದ್ದರೂ ರಂಗನಾಥನ ಮುಂದೆ ನುಡಿಸಿದರು. ಮುಸ್ಲಿಂ ಆಗಿದ್ದರೂ ತ್ಯಾಗರಾಜರ ಕೃತಿಗಳನ್ನು ಅಷ್ಟು ಭಕ್ತಿಯಿಂದ ನುಡಿಸಿದರು. ಅಷ್ಟು ವಯಸ್ಸಾಗಿದ್ದರೂ ಎಂಥ ಉಸಿರು! ಇಷ್ಟು ಹೇಳಿ ಮಾತು ನಿಲ್ಲುತ್ತದೆ. ಯಾವ ರಾಗ ನುಡಿಸಿದರು, ಹೇಗೆ ನುಡಿಸಿದರು, ಕೇಳುವಾಗ ನಿಮಗೆ ಏನಾಯಿತು ಅಂತ ಕೇಳಿದರೆ ಸ್ವಲ್ಪ ಹೊತ್ತು ಮೌನ.

ಅವರು ತೀರಿಕೊಂಡದ್ದು 1999ರ ಏಪ್ರಿಲ್‌ನಲ್ಲಿ. ನನ್ನ ವಯಸ್ಸಿನವರಿಗೆ ಅವರನ್ನು ವೇದಿಕೆಯಲ್ಲಿ ನೋಡುವ ಭಾಗ್ಯ ಇರಲಿಲ್ಲ. ನಮಗೆ ಉಳಿದಿರುವುದು ಎರಡೇ: ಧ್ವನಿಮುದ್ರಣಗಳು, ಮತ್ತು ಕೇಳಿದವರ ನೆನಪು. ಧ್ವನಿಮುದ್ರಣ ನುಡಿದದ್ದನ್ನು ಕೊಡುತ್ತದೆ. ಅದು ಎದುರಿಗೆ ಕೂತವನ ಮೈಗೆ ಹೇಗೆ ತಾಕಿತು ಎನ್ನುವುದನ್ನು ನೆನಪು ಮಾತ್ರ ಕೊಡಬಲ್ಲದು. ಆ ನೆನಪೇ ಅಚ್ಚುಗಟ್ಟಿ ಹೋದರೆ ಮುಂದಿನವರಿಗೆ ಸಿಗುವುದು ಒಂದು ಫೋಟೋ ಮಾತ್ರ. ಹಾಗಾಗಿ ಈ ನೆನಪುಗಳನ್ನು ಕೊಂಚ ವಿಮರ್ಶೆಯ ಕಣ್ಣಿಂದ ನೋಡಬೇಕು ಅನಿಸ್ತದೆ.

ಮೊದಲು ಮನುಷ್ಯನ ಬಗ್ಗೆ. ಚಿನ್ನ ಮೌಲಾನಾ ಹುಟ್ಟಿದ್ದು 1924ರಲ್ಲಿ, ಆಂಧ್ರದ ಒಂಗೋಲು ಹತ್ತಿರದ ಕರವಡಿಯಲ್ಲಿ. ಮನೆತನದ್ದೇ ನಾದಸ್ವರ ವೃತ್ತಿ. ಮೊದಲ ಪಾಠ ತಂದೆ ಕಾಸಿಂ ಸಾಹೇಬರಿಂದ, ನಂತರ ಚಿಲಕಲೂರಿಪೇಟೆಯ ಶೇಖ್ ಆದಂ ಸಾಹೇಬರಿಂದ. ತಂಜಾವೂರು ಕಡೆಯ ಟಿ.ಎನ್. ರಾಜರತ್ನಂ ಪಿಳ್ಳೈ ಅವರ ನಾದಸ್ವರ ಕೇಳಿದ ಮೇಲೆ ಆ ಬಾನಿಯ ಹುಚ್ಚು ಹಿಡಿಯಿತು. ಆಗಲೇ ಹೆಸರು ಮಾಡಿದ್ದ ವಿದ್ವಾಂಸ ಮತ್ತೆ ಶಿಷ್ಯನಾಗಿ ಕೂತರು: ನಾಚಿಯಾರ್‌ಕೋಯಿಲ್‌ನ ರಾಜಂ ಮತ್ತು ದುರೈಕಣ್ಣು ಸಹೋದರರ ಬಳಿ. ಮುಂದೆ ಶ್ರೀರಂಗಂ ಊರಾಯಿತು. 1977ರಲ್ಲಿ ಪದ್ಮಶ್ರೀ. 1998ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ. ಆಗ ಅವರಿಗೆ 74 ವರ್ಷ. ಕೆಲವೇ ತಿಂಗಳಲ್ಲಿ ಹೋಗಿಬಿಟ್ಟರು.

ಈ ಬದುಕಿನಲ್ಲಿ ನನಗೆ ದೊಡ್ಡದಾಗಿ ಕಾಣುವ ಸಂಗತಿ ಧರ್ಮದ್ದಲ್ಲ, ಪ್ರಯಾಣದ್ದು. ತನ್ನ ಬಾನಿಯಲ್ಲಿ ಪಳಗಿದ ಮೇಲೆ ಇನ್ನೊಂದು ಬಾನಿಗೆ ಮನಸೋತು, ಗಂಟುಮೂಟೆ ಕಟ್ಟಿ, ಬೇರೆ ಭಾಷೆಯ ಊರಿಗೆ ಹೋಗಿ ಕಲಿಯುವುದು ಸಣ್ಣ ಮಾತಲ್ಲ. ತೆಲುಗು ನೆಲದಲ್ಲಿ ಕಲಿತದ್ದು, ಕಾವೇರಿ ದಡದಲ್ಲಿ ಕಲಿತದ್ದು, ಎರಡೂ ಅವರ ಒಂದೇ ಉಸಿರಿನೊಳಗೆ ಕೂತಿದ್ದವು. ‘ಮುಸ್ಲಿಂ ಆಗಿದ್ದರೂ’ ಎನ್ನುವ ನೆನಪಿನಲ್ಲಿ ಈ ಪ್ರಯಾಣಕ್ಕೆ ಜಾಗವೇ ಸಿಗೋದಿಲ್ಲ.

ಆ ‘ಆದರೂ’ ಪದವನ್ನೇ ಸ್ವಲ್ಪ ಬಿಡಿಸಿ ನೋಡೋಣ. ‘ಮಳೆ ಬಂದರೂ ಬಸ್ಸು ಬಂತು’ ಅಂದರೆ ಮಳೆ ಬಂದಾಗ ಬಸ್ಸು ಬರೋದಿಲ್ಲ ಎಂಬ ನಿರೀಕ್ಷೆ ಒಳಗಿದೆ. ‘ಮುಸ್ಲಿಂ ಆಗಿದ್ದರೂ ನಾದಸ್ವರ ನುಡಿಸಿದರು’ ಅಂದರೂ ಅಷ್ಟೇ. ಮುಸ್ಲಿಮನಿಂದ ಇದು ಆಗುವಂಥದ್ದಲ್ಲ ಎಂಬ ನಿರೀಕ್ಷೆಯನ್ನು ಮೊದಲು ಒಪ್ಪಿಕೊಂಡು, ಆಮೇಲೆ ಒಬ್ಬರಿಗೆ ವಿನಾಯಿತಿ ಕೊಟ್ಟ ಹಾಗೆ. ವಾಸ್ತವ ಬೇರೆ ಇದೆ. ಆಂಧ್ರದ ಗುಂಟೂರು, ಪ್ರಕಾಶಂ ಸೀಮೆಯಲ್ಲಿ ತಲೆಮಾರುಗಳಿಂದ ದೇವಸ್ಥಾನಗಳಲ್ಲಿ ನಾದಸ್ವರ ನುಡಿಸಿಕೊಂಡು ಬಂದ ಮುಸ್ಲಿಂ ಮನೆತನಗಳಿವೆ. ಚಿನ್ನ ಮೌಲಾನಾ ಅವರ ಶಿಷ್ಯರಾದ ಶೇಖ್ ಮಹಬೂಬ್ ಸುಭಾನಿ ಮತ್ತು ಕಲೀಶಾಬಿ ದಂಪತಿಗೆ 2020ರಲ್ಲಿ ಪದ್ಮಶ್ರೀ ಬಂತು. ಅಂಥ ಮನೆಗಳಲ್ಲಿ ಹುಟ್ಟಿದ ಮಗು ನಾದಸ್ವರ ಹಿಡಿಯುವುದು ಪವಾಡವಲ್ಲ, ಕಮ್ಮಾರನ ಮಗ ಸುತ್ತಿಗೆ ಹಿಡಿದಷ್ಟೇ ಸಹಜ. ಅಲ್ಲಿಗೆ ಹೊಂದುವ ಪದ ‘ಆದ್ದರಿಂದ’. ಆ ಮನೆಯಲ್ಲಿ ಹುಟ್ಟಿದರು, ಆದ್ದರಿಂದ ನುಡಿಸಿದರು. ಎಲ್ಲರಿಗಿಂತ ಚೆನ್ನಾಗಿ ನುಡಿಸಿದ್ದಕ್ಕೆ ಕಾರಣ ಅವರ ರಿಯಾಜ್.

ಎರಡನೇ ‘ಆದರೂ’ ವಯಸ್ಸಿನದ್ದು. ಮುಪ್ಪಿನ ಸಂಗೀತಗಾರರ ಕಛೇರಿಗೆ ಹೋಗುವಾಗ ನಾವು ಅರ್ಧ ಕಿವಿ ಮನೆಯಲ್ಲೇ ಬಿಟ್ಟು ಹೋಗ್ತೇವೆ. ದರ್ಶನಕ್ಕೆ ಹೋದ ಹಾಗೆ. ಕೈ ಹಿಡಿದು ವೇದಿಕೆ ಹತ್ತಿಸುವುದನ್ನು ನೋಡಿ ಕಣ್ಣು ತುಂಬಿ ಬರ್ತದೆ. ಅದು ಸುಳ್ಳಲ್ಲ, ಪ್ರೀತಿಯೇ. ಆದರೆ ಆ ಪ್ರೀತಿ ಎಷ್ಟೋ ಸಲ ಕೇಳುವ ಕೆಲಸಕ್ಕೆ ರಜೆ ಕೊಟ್ಟುಬಿಡುತ್ತದೆ.

ನಾದಸ್ವರದ ವಿಷಯದಲ್ಲಿ ಇದು ದೊಡ್ಡ ನಷ್ಟ. ಯಾಕೆ ಅಂದರೆ ಮುಪ್ಪು ಆ ವಾದ್ಯದಲ್ಲಿ ಅಡಗಿ ಕೂರುವುದಿಲ್ಲ. ವೀಣೆಗೆ ಮೆಟ್ಟಿಲಿದೆ, ಹಾರ್ಮೋನಿಯಂಗೆ ಮನೆಗಳಿವೆ. ನಾದಸ್ವರಕ್ಕೆ ಇರುವುದು ಮರದ ಕೊಳವೆಯಲ್ಲಿ ಬೆರಳಿಗೆ ಏಳು ತೂತು, ತುದಿಗೆ ಸೀವಾಳಿ ಎಂಬ ಸಣ್ಣ ಹುಲ್ಲಿನ ನಾಲಗೆ. ಸ್ವರದ ಸೂಕ್ಷ್ಮವೆಲ್ಲ ತುಟಿಯ ಒತ್ತು ಮತ್ತು ಉಸಿರಿನ ಅಳತೆಯಿಂದಲೇ ಹುಟ್ಟಬೇಕು. ತುಟಿ ಒಂದು ಕೂದಲೆಳೆ ಸಡಿಲವಾದರೆ ಸ್ವರ ಜಾರಿತು. ಹಲ್ಲು, ದವಡೆ, ಎದೆಗೂಡು, ಎಲ್ಲಕ್ಕೂ ವಯಸ್ಸಾಗುತ್ತದೆ. ಎಪ್ಪತ್ತು ದಾಟಿದವರು ಅದನ್ನು ತುಟಿಗಿಟ್ಟಾಗ ಇಪ್ಪತ್ತೈದರ ಬಿರುಸನ್ನು ನಿರೀಕ್ಷಿಸುವುದೂ ತಪ್ಪು, ಬಂದದ್ದೆಲ್ಲ ಪವಾಡ ಅನ್ನುವುದೂ ತಪ್ಪು. ಕೇಳಬೇಕಾದ್ದು ಇದು: ಉಸಿರು ಕಡಿಮೆಯಾದ ಮೇಲೆ ಅವರು ಯಾವುದನ್ನು ಬಿಟ್ಟರು, ಯಾವುದನ್ನು ಉಳಿಸಿಕೊಂಡರು?

ನಾದಸ್ವರ ಸಾಮಾನ್ಯವಾಗಿ ಜೋಡಿಯಲ್ಲಿ ನುಡಿಯುವ ವಾದ್ಯ. ಚಿನ್ನ ಮೌಲಾನಾ ಅವರ ಜೊತೆಗೆ ಮೊಮ್ಮಕ್ಕಳಾದ ಕಾಸಿಂ ಮತ್ತು ಬಾಬು ನುಡಿಸುತ್ತಿದ್ದರು. ಅಜ್ಜ ಒಂದು ಸಾಲನ್ನು ಎತ್ತಿ ಎಲ್ಲಿ ಕೈಬಿಡ್ತಾರೆ, ಮೊಮ್ಮಗ ಅದನ್ನು ಎಲ್ಲಿ ಹಿಡಿದುಕೊಳ್ತಾನೆ, ಯಾವ ಜಾಗವನ್ನು ಅಜ್ಜ ಯಾರಿಗೂ ಬಿಟ್ಟುಕೊಡೋದಿಲ್ಲ? ಮುಪ್ಪಿನ ಕಛೇರಿಯ ನಿಜವಾದ ಕಥೆ ಅಲ್ಲಿರುತ್ತದೆ. ಅದನ್ನು ಕೇಳಿಸಿಕೊಂಡವರು ಹೇಳದೆ ಹೋದರೆ ನಮಗೆ ಯಾರು ಹೇಳಬೇಕು?

ಹಾಗೆ ಕೇಳಿದವರು ಇಲ್ಲ ಅಂತಲ್ಲ. ಮೈಲಾಪುರದ ಒಬ್ಬ ನಿವೃತ್ತ ಹಿರಿಯರಿಗೆ ರಾಗದ ಹೆಸರು ಬಾಯಿಗೆ ಬರಲಿಲ್ಲ. ‘ಇರಿ, ಇರಿ’ ಅಂತ ಕಣ್ಣು ಮುಚ್ಚಿ, ಕುರ್ಚಿಯ ಕೈಮೇಲೆ ಬೆರಳಾಡಿಸ್ತಾ ಒಂದು ಸಾಲು ಗುನುಗಿದರು. ಧ್ವನಿ ನಡುಗುತ್ತಿತ್ತು, ಶ್ರುತಿ ಅತ್ತಿತ್ತ ಆಗುತ್ತಿತ್ತು. ಆದರೆ ಒಂದು ಕಡೆ ಬಂದು ನಿಂತರು, ಅಲ್ಲಿಂದ ಮುಂದೆ ಹೋಗಲಿಲ್ಲ. ‘ಇಲ್ಲಿ ನಿಲ್ಲಿಸಿಬಿಟ್ಟರು ನೋಡಿ, ನಾವು ಉಸಿರು ಬಿಡೋದನ್ನ ಮರೆತಿದ್ವಿ’ ಅಂದರು. ಅವರ ಮಾತಿನಲ್ಲಿ ಮುಸ್ಲಿಂ ಎಂಬ ಪದವೂ ಬರಲಿಲ್ಲ, ವಯಸ್ಸೂ ಬರಲಿಲ್ಲ. ನಾನು ಕೇಳಿದ ನೆನಪುಗಳಲ್ಲಿ ಎಲ್ಲಕ್ಕಿಂತ ಪೂರ್ತಿಯಾದದ್ದು ಆ ಅರ್ಧಂಬರ್ಧ ಗುನುಗು.

ಇಂಥ ನೆನಪು ಅಪರೂಪವಾಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ನಾದಸ್ವರವನ್ನು ಕೂತು ಕೇಳುವ ರೂಢಿಯೇ ನಮ್ಮಲ್ಲಿ ಕಡಿಮೆ. ಚೆನ್ನೈನ ಡಿಸೆಂಬರ್ ಸೀಸನ್‌ನಲ್ಲಿ ಸಭೆಗಳ ಉದ್ಘಾಟನೆಗೆ ಮಂಗಳವಾದ್ಯ ಬೇಕೇ ಬೇಕು. ಜನ ಒಳಗೆ ಬರ್ತಾ, ಕುರ್ಚಿ ಹುಡುಕ್ತಾ, ಕುಶಲ ಕೇಳ್ತಾ ಇರುವಾಗ ಅದು ನುಡಿಯುತ್ತಿರುತ್ತದೆ. ನಮ್ಮ ಕನ್ನಡದ ಮದುವೆ ಮನೆಗಳಲ್ಲೂ ಅಷ್ಟೇ. ವಾಲಗದವರ ಕಡೆ ಕೈ ಬೀಸಿ ‘ಗಟ್ಟಿಮೇಳ, ಗಟ್ಟಿಮೇಳ’ ಅಂತ ಕೂಗ್ತೇವೆ. ತಾಳಿ ಕಟ್ಟುವಾಗ ಅಪಶಕುನದ ಸದ್ದು ಕೇಳಬಾರದು ಅಂತ. ಅಂದರೆ ಬೇರೆ ಏನೂ ಕೇಳಿಸದಿರಲಿ ಎಂದು ಬಳಸುವ ವಾದ್ಯ ಅದು. ಅದನ್ನೇ ಕೇಳಬೇಕು ಅಂತ ಯಾರಿಗೆ ಹೊಳೆಯುತ್ತದೆ? ನಾದಸ್ವರ ಚಕ್ರವರ್ತಿ ಎನಿಸಿದ ರಾಜರತ್ನಂ ಪಿಳ್ಳೈ ಅವರ ಹೆಸರೇ ಸಂಗೀತ ಕಲಾನಿಧಿಗಳ ಪಟ್ಟಿಯಲ್ಲಿಲ್ಲ. ಆ ಪಟ್ಟಿಯಲ್ಲಿ ಚಿನ್ನ ಮೌಲಾನಾ ಬಂದದ್ದು ಒಬ್ಬ ಮುಸ್ಲಿಮನ ಗೆಲುವು ಎನ್ನುವುದಕ್ಕಿಂತ, ಬಾಗಿಲಲ್ಲಿ ನಿಲ್ಲಿಸಿದ್ದ ವಾದ್ಯವೊಂದು ಒಳಗೆ ಬಂದು ಕೂತ ಗಳಿಗೆ. ಸಂಗೀತ ಕಲಾನಿಧಿ ಪಡೆದವರು ಆ ವರ್ಷದ ಸಮ್ಮೇಳನದ ಅಧ್ಯಕ್ಷರೂ ಆಗಿರುತ್ತಾರೆ. ಮಂಗಳವಾದ್ಯ ನುಡಿಸಿ ಎದ್ದು ಹೋಗುವವರ ಸಾಲಿನ ಒಬ್ಬರು ಅಧ್ಯಕ್ಷರ ಪೀಠದಲ್ಲಿ ಕೂತಿದ್ದರು. ಅದನ್ನು ಕಣ್ಣಾರೆ ಕಂಡವರೂ ‘ಎಂಥ ಕೋಮು ಸೌಹಾರ್ದ’ ಎಂದಷ್ಟೇ ಹೇಳಿದರೆ ಏನೆನ್ನಬೇಕು?

ಕನ್ನಡಿಗರಾದ ನಮಗೆ ಇದಕ್ಕಿಂತ ಒಳ್ಳೆಯ ನೆನಪಿನ ಮಾದರಿ ಒಂದಿದೆ. 1977ರ ‘ಸನಾದಿ ಅಪ್ಪಣ್ಣ’ ಸಿನಿಮಾಕ್ಕೆ ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಆ ಚಿತ್ರದ ಬಗ್ಗೆ ಮಾತಾಡುವ ನಮ್ಮ ಹಿರಿಯರು ಮೊದಲು ನೆನಪಿಸಿಕೊಳ್ಳುವುದು ಆ ಸನಾದಿಯ ದನಿಯನ್ನು. ಅಪ್ಪಣ್ಣನ ಪಾತ್ರದಲ್ಲಿ ರಾಜ್‌ಕುಮಾರ್ ಅವರ ಕೆನ್ನೆ ಉಬ್ಬಿದ್ದು, ಬಿಸ್ಮಿಲ್ಲಾ ಖಾನರ ಉಸಿರು ಹರಿದದ್ದು, ಎರಡೂ ಒಂದೇ ಆಗಿ ಉಳಿದುಬಿಟ್ಟಿವೆ. ಅಲ್ಲಿ ‘ಆದರೂ’ ಕೇಳಿಸೋದು ಕಡಿಮೆ. ಹಾಗೆಯೇ 2006ರಲ್ಲಿ, ತೊಂಬತ್ತು ದಾಟಿದ ಗಂಗೂಬಾಯಿ ಹಾನಗಲ್ ಕೊನೆಯ ಕಛೇರಿ ನಡೆಸಿದರು. ಅವರ ವಯಸ್ಸನ್ನು ಯಾರೂ ಮರೆತಿಲ್ಲ, ಆದರೆ ವಯಸ್ಸಿಗಿಂತ ಮೊದಲು ಆ ಗಡಸು, ತುಂಬು ಕಂಠ ನೆನಪಾಗುತ್ತದೆ. ಕಿವಿ ಮೊದಲು, ಕಥೆ ಆಮೇಲೆ. ಇದು ನಮಗೆ ಗೊತ್ತಿಲ್ಲದ ವಿದ್ಯೆಯಲ್ಲ.

ಈ ವಿಷಯ ನನಗೆ ಇಷ್ಟು ನಾಟಲು ಕಾರಣ ಬೇರೆ ಹೇಳಬೇಕಿಲ್ಲ. ‘ಮುಸ್ಲಿಂ ಆಗಿದ್ದರೂ ಎಷ್ಟು ಚೆಂದ ಕನ್ನಡ ಮಾತಾಡ್ತೀರಿ’ ಎಂಬ ಹೊಗಳಿಕೆಯನ್ನು ಕೇಳದ ಮುಸ್ಲಿಂ ಕನ್ನಡ ಮೇಷ್ಟ್ರು ಯಾರಾದರೂ ಇದ್ದರೆ ತೋರಿಸಿ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ ಅಂತ ಬೆಳೆದವರಿಗೆ ಎರಡೂ ಅಮ್ಮನ ಕೈತುತ್ತೇ. ಹೊಗಳಿದವರ ಮನಸ್ಸು ಒಳ್ಳೆಯದು, ಅದರಲ್ಲಿ ಅನುಮಾನವಿಲ್ಲ. ಆದರೂ ಆ ಮಾತಿನ ನಂತರ ನಾನು ಪಾಠ ಮಾಡಿದ ಪದ್ಯದ ಬಗ್ಗೆ ಅವರು ಏನೂ ಕೇಳುವುದಿಲ್ಲ. ನಿಸಾರ್ ಅಹಮದ್ ಅವರಂಥ ದೊಡ್ಡ ಕವಿಯ ಬಗ್ಗೆ ಬರೆಯುವಾಗಲೂ ಇದೇ ಗುಂಗು ಎಷ್ಟು ಸಲ ಕವಿತೆಗೆ ಅಡ್ಡ ಬಂದಿಲ್ಲ!

ಇದಕ್ಕೆ ಎದುರು ಮಾತೂ ಇದೆ, ಅದನ್ನೂ ನ್ಯಾಯವಾಗಿ ಕೇಳಬೇಕು. ಜನ ಜನರ ನಡುವೆ ಗೋಡೆ ಏಳುತ್ತಿರುವ ಕಾಲದಲ್ಲಿ ರಂಗನಾಥನ ಮುಂದೆ ನುಡಿದ ಮೌಲಾನಾರ ಚಿತ್ರ ಎಷ್ಟೋ ಮನಸ್ಸುಗಳಿಗೆ ಧೈರ್ಯ ಕೊಟ್ಟಿದೆ. ಅದನ್ನು ಕಿತ್ತುಕೊಳ್ಳಬೇಡಿ ಅಂದರೆ ನಾನು ಒಪ್ತೇನೆ. ಆದರೆ ವಿನಾಯಿತಿಯಾಗಿ ಕೊಟ್ಟ ಗೌರವ ಬಾಕಿ ಜನರಿಗೆ ಸಿಗುವುದಿಲ್ಲ. ‘ಅವರ ಹಾಗೆ ನೀವ್ಯಾಕೆ ಇಲ್ಲ’ ಎಂಬ ಪ್ರಶ್ನೆಯಾಗಿ ಅದು ತಿರುಗಿ ಬರ್ತದೆ.

ನಮ್ಮವರೊಳಗೂ ಒಂದು ‘ಆದರೂ’ ಇದೆ. ‘ಮುಸ್ಲಿಂ ಆಗಿದ್ದರೂ ಸಂಗೀತವಾ? ಅದೂ ದೇವಸ್ಥಾನದಲ್ಲಾ?’ ಅಂತ ಮುಖ ಸಿಂಡರಿಸುವವರಿದ್ದಾರೆ. ಒಂದು ಕಡೆಯವರಿಗೆ ಮೌಲಾನಾ ಒಂದು ಪದಕ, ಇನ್ನೊಂದು ಕಡೆಯವರಿಗೆ ಒಂದು ಆರೋಪಪಟ್ಟಿ. ಇಬ್ಬರೂ ನಾದಸ್ವರ ಕೇಳಿಲ್ಲ. ತನ್ನ ದೀನ್ ಏನು, ತನ್ನ ವೃತ್ತಿ ಏನು ಎನ್ನುವ ಲೆಕ್ಕವನ್ನು ಆ ಹಿರಿಯರು ತಾವೇ ನಿಭಾಯಿಸಿಕೊಂಡರು. ನಮ್ಮ ಅಂಕ ಅದಕ್ಕೆ ಬೇಕಿಲ್ಲ.

ಉರ್ದು ಮುಶಾಯಿರಾದಲ್ಲಿ ಶೇರ್ ಮನಸ್ಸಿಗೆ ತಟ್ಟಿದರೆ ಕೇಳುಗರು ‘ಮುಕರ್ರರ್’ ಅಂತಾರೆ, ಇನ್ನೊಮ್ಮೆ ಹೇಳಿ ಅಂತ. ಅದಕ್ಕೆ ದಾದ್ ಕೊಡುವುದು ಎನ್ನುತ್ತಾರೆ. ಆ ದಾದ್ ಪದದ ಮೂಲ ಅರ್ಥ ನ್ಯಾಯ. ನಮ್ಮ ಹಳೇ ಕಚೇರಿ ಕನ್ನಡದ ‘ದಾದು ಫಿರ್ಯಾದು’ ಮಾತಿನಲ್ಲಿ ಇರುವುದೂ ಅದೇ ದಾದು. ಮೆಚ್ಚುಗೆ ಮತ್ತು ನ್ಯಾಯಕ್ಕೆ ಒಂದೇ ಪದ! ಕವಿಯ ಜಾತಿಗೆ, ನರೆಗೂದಲಿಗೆ ಯಾರೂ ಮುಕರ್ರರ್ ಅನ್ನುವುದಿಲ್ಲ. ಅವನು ಹೇಳಿದ ಸಾಲಿಗೆ ಅನ್ನುತ್ತಾರೆ.

ಚಿನ್ನ ಮೌಲಾನಾರನ್ನು ಎದುರಿಗೆ ಕೂತು ಕೇಳಿದವರಿಗೆ ಈಗ ವಯಸ್ಸಾಗಿದೆ. ಅವರು ಸಿಕ್ಕಾಗ ನಾವು ಕೇಳುವ ಪ್ರಶ್ನೆಯನ್ನು ಬದಲಿಸೋಣ. ‘ಅವರು ಎಂಥ ಮನುಷ್ಯ?’ ಅನ್ನುವ ಮೊದಲು ‘ಏನು ನುಡಿಸಿದರು?’ ಅನ್ನೋಣ. ಹೆಸರು ಗೊತ್ತಿಲ್ಲದಿದ್ದರೆ ಗುನುಗಿ ತೋರಿಸಲಿ. ಶ್ರುತಿ ತಪ್ಪಿದರೂ ಪರವಾಗಿಲ್ಲ.