ಇನ್ನೂರು ಕಿಲೋಮೀಟರು, ಐದು ದಿನ

ಕೊಪ್ಪಳದಿಂದ ಹೊರಟು ಕುಕನೂರು, ಯಲಬುರ್ಗಾ, ಕುಷ್ಟಗಿ, ತಾವರಗೇರಾ, ಕನಕಗಿರಿ, ಗಂಗಾವತಿ, ಆನೆಗೊಂದಿ ಸುತ್ತಿ ಮತ್ತೆ ಕೊಪ್ಪಳಕ್ಕೆ ಬಂದರೆ ಹೆಚ್ಚುಕಡಿಮೆ 200 ಕಿಲೋಮೀಟರ್. ಗಡಿಯಾರ ಹಿಡಿದು ದೂರದ ಸೈಕಲ್ ಸವಾರಿ ಮಾಡುವವರಲ್ಲಿ ‘ಬ್ರೆವೆ’ ಎಂಬ ಪದ್ಧತಿ ಇದೆ. ಅದರಲ್ಲಿ 200 ಕಿ.ಮೀ.ಗೆ ಕೊಡುವ ಅವಧಿ 13 ಗಂಟೆ 30 ನಿಮಿಷ. ಅಷ್ಟೇ ದೂರವನ್ನು ನಾನು ಐದು ದಿನದಲ್ಲಿ ತುಳಿದೆ. ಆದರೂ ಅವಸರವಾಯಿತು ಎಂಬುದೇ ಈ ಪ್ರವಾಸದ ಬಗ್ಗೆ ನನ್ನ ಮೊದಲ ತಕರಾರು.

ಮೊದಲ ದಿನವೇ ಅದು ಗೊತ್ತಾಯಿತು. ಇಟಗಿಯ ಮಹಾದೇವ ದೇವಾಲಯ ಮುಟ್ಟಿದಾಗ ನಡುಮಧ್ಯಾಹ್ನ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಅದು. ಶಾಸನವೇ ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ತಿರುಗಣಿಯಲ್ಲಿ ಕಡೆದ ಕಂಬಗಳ ನಡುವೆ ಕುಳಿತು, ಒಂದಕ್ಕೆ ಬೆನ್ನು ಕೊಟ್ಟು ಒಂದು ಬಾಟಲಿ ನೀರು ಕುಡಿದೆ. ಕಂಬ ಬೆನ್ನಿಗೆ ತಣ್ಣಗಿತ್ತು. ತಲೆಯಲ್ಲಿ ಓಡುತ್ತಿದ್ದದ್ದು ಮಾತ್ರ ಯಲಬುರ್ಗಾ ಇನ್ನೆಷ್ಟು ದೂರ, ಕತ್ತಲಾಗುವುದರೊಳಗೆ ಮುಟ್ಟುತ್ತೇನೋ ಇಲ್ಲವೋ ಎಂಬ ಲೆಕ್ಕ. ದಣಿದ ಕಣ್ಣಿಗೆ ಶಿಲ್ಪ ಕಾಣುವುದಿಲ್ಲ. ತಿಂಗಳ ಮೇಲೆ ಬಸ್ಸಿನಲ್ಲಿ ಮತ್ತೆ ಹೋದಾಗಲೇ ಆ ಗುಡಿಯನ್ನು ನಿಜವಾಗಿ ನೋಡಿದ್ದು. ಸೈಕಲ್ಲಿನಲ್ಲಿ ಹೋದರೆ ಊರುಗಳು ಚೆನ್ನಾಗಿ ಕಾಣುತ್ತವೆ ಎನ್ನುವ ಮಾತನ್ನು ನಾನು ಈಗ ಅರ್ಧ ಮಾತ್ರ ಒಪ್ಪುತ್ತೇನೆ.

ಒಪ್ಪುವ ಅರ್ಧ ಮಣ್ಣಿಗೆ ಸೇರಿದ್ದು. ಕುಕನೂರು ದಾಟಿದ ಮೇಲೆ ಎರಿ ಹೊಲ. ಕಣ್ಣು ಹಾಯುವಷ್ಟು ದೂರ ಬಿಳಿಜೋಳ, ಕಡಲೆ, ನಡುನಡುವೆ ಗಾಳಿಯಂತ್ರದ ಕಂಬಗಳು. ಆ ಕಂಬಗಳನ್ನು ಅಲ್ಲೇ ಏಕೆ ನೆಟ್ಟಿದ್ದಾರೆ ಎಂಬುದು ಸೈಕಲ್ ಸವಾರನಿಗೆ ಯಾರೂ ಹೇಳಬೇಕಿಲ್ಲ. ಮೂಡಗಾಳಿ ಎದೆಗೆ ಬಡಿಯುತ್ತದೆ. ನೆರಳಿಗೆ ಮರವಿಲ್ಲ, ಮರೆಗೆ ಗುಡ್ಡವಿಲ್ಲ. ಗಂಟೆಗೆ ಎಂಟು ಕಿಲೋಮೀಟರ್ ಹೋದರೆ ಹೆಚ್ಚು. ಕುಷ್ಟಗಿ ಕಡೆ ನೆಲ ಮಸಾರಿಯಾಗುತ್ತದೆ, ಕೆಂಪು ಏರುತ್ತದೆ, ದಾರಿಗೆ ಏರಿಳಿತ ಬರುತ್ತದೆ. ಕನಕಗಿರಿ ಬಿಟ್ಟ ಮೇಲೆ ಕಲ್ಲುಗುಡ್ಡ, ಆಮೇಲೆ ಥಟ್ಟನೆ ತುಂಗಭದ್ರಾ ಎಡದಂಡೆ ಕಾಲುವೆಯ ಹಸಿರು. ಬೆವರು ಆರುವ ರೀತಿಯೇ ಬೇರೆಯಾಗುತ್ತದೆ. ಒಂದೇ ಜಿಲ್ಲೆಯಲ್ಲಿ ನೀರಿರುವ ಸೀಮೆ, ಮಳೆಯನ್ನೇ ನಂಬಿದ ಸೀಮೆ ಎಷ್ಟು ಹತ್ತಿರದಲ್ಲಿವೆ, ಎಷ್ಟು ಬೇರೆಯಾಗಿವೆ ಎಂಬುದು ತೊಡೆಗೂ ಚರ್ಮಕ್ಕೂ ತಿಳಿಯಿತು. ಕಾರಿನಲ್ಲಿ ಇದೇ ದಾರಿಯಲ್ಲಿ ಎಷ್ಟೋ ಸಲ ಓಡಾಡಿದ್ದೇನೆ; ತಿಳಿದಿರಲಿಲ್ಲ.

ಎರಡನೇ ದಿನ ಎಳ್ಳಮಾವಾಸ್ಯೆ. ಯಲಬುರ್ಗಾದಿಂದ ಕುಷ್ಟಗಿಗೆ ಹೋಗುವ ದಾರಿಯ ಪಕ್ಕದ ಹೊಲದಲ್ಲಿ ಬನ್ನಿಗಿಡದ ಬುಡಕ್ಕೆ ಸುಣ್ಣ ಹಚ್ಚಿದ ಐದು ಕಲ್ಲು, ಅವೇ ಪಾಂಡವರು. ಮನೆಯವರೆಲ್ಲ ಚರಗ ಚೆಲ್ಲಿ ಊಟಕ್ಕೆ ಕೂತಿದ್ದರು. “ನಿಲ್ರಿ ಅಣ್ಣಾರ, ಹಬ್ಬದ ದಿನ ಹಂಗ ಹೋಗಬಾರದು, ಉಂಡು ಹೋಗ್ರಿ” ಎಂದು ಹಿರಿಯ ಅವ್ವ ಕೂಗಿದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ. ರೊಟ್ಟಿ ಮುಗಿಯುವ ಮೊದಲೇ ಇನ್ನೊಂದು ಬೀಳುತ್ತಿತ್ತು. ಊಟದ ನಡುವೆ ಅವರು ಕೇಳಿದ್ದು ಒಂದೇ ಮಾತು: “ಯಾವ ದೇವರಿಗೆ ಹೊಂಟೀರಿ?”

ಹುಲಿಗಿಗೆ, ಶ್ರೀಶೈಲಕ್ಕೆ ನಡೆದು ಹೋಗುವವರನ್ನು ಕಂಡ ಜನ ಅವರು. ದೂಳು ಮೆತ್ತಿಕೊಂಡು ದೂರ ಹೊರಟವನಿಗೆ ಹರಕೆ ಇರಲೇಬೇಕು ಎಂಬುದು ಅವರ ತಿಳಿವಳಿಕೆ. ನನ್ನಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆ ಉಳಿದ ದಾರಿಯುದ್ದಕ್ಕೂ ಜೊತೆಗೆ ಬಂತು. ಪಾದಯಾತ್ರಿಗೆ ಮುಟ್ಟಬೇಕಾದ ಮೂರ್ತಿ ಇದೆ, ದಾರಿಯಲ್ಲಿ ದಾಸೋಹ ಇದೆ, ಜೊತೆಗಾರರಿದ್ದಾರೆ. ಸೈಕಲ್ ಪ್ರವಾಸಿಗೆ ಅವು ಯಾವುವೂ ಇಲ್ಲದ ಕಾರಣ ಆತ ಕಿಲೋಮೀಟರನ್ನೇ ದೇವರು ಮಾಡಿಕೊಳ್ಳುತ್ತಾನೆ. ಇಟಗಿಯಲ್ಲಿ ನನಗಾದದ್ದು ಅದೇ.

ಕುಷ್ಟಗಿಯ ಹತ್ತಿರ ಜಾಲಿಮುಳ್ಳು ಚುಚ್ಚಿ ಹಿಂದಿನ ಗಾಲಿ ಕೂತಿತು. ಪಂಕ್ಚರ್ ಅಂಗಡಿಯ ಹುಡುಗ ಟ್ಯೂಬನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬಂದ ಕಡೆ ಕಡ್ಡಿ ಚುಚ್ಚಿ ಗುರುತು ಮಾಡಿ, ಉಜ್ಜಿ, ಸಲೂಷನ್ ಹಚ್ಚಿ, ಊದಿ ಒಣಗಿಸಿ ಪ್ಯಾಚ್ ಹಾಕಿದ. ಅಚ್ಚುಕಟ್ಟು ಕೆಲಸ. ಆದರೆ ನನ್ನ ದುಬಾರಿ ಸೈಕಲ್ಲಿನ ಸಣ್ಣ ವಾಲ್ವಿಗೆ ಅವನ ಪಂಪು ಕೂರಲೇ ಇಲ್ಲ. ಈ ಸೀಮೆಗೆ ಬರುವವರು ಹಳ್ಳಿಯ ಪಂಪು ಹಿಡಿಯುವ ವಾಲ್ವಿನ ಸೈಕಲ್ಲನ್ನೇ ತರಬೇಕು. ಮಾರಾಟದ ಅಂಗಡಿಯವರು ಹೇಳುವ ತೂಕ, ಗೇರಿನ ಮಾತು ಆಮೇಲಿನದು.

ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂಬ ಗಾದೆ ಇಲ್ಲಿಯದು. ನಾಲ್ಕನೇ ದಿನ ಕನಕಗಿರಿಯಲ್ಲಿ ಅರ್ಧ ದಿನ ಸುಮ್ಮನೆ ಕಳೆದೆ. ಕನಕಾಚಲಪತಿ ಗುಡಿಯ ನೆರಳಿನಲ್ಲಿ ಕಾಲಿಗೂ ಕಣ್ಣಿಗೂ ಬಿಡುವು ಸಿಕ್ಕಿತು. ಇಡೀ ಪ್ರವಾಸದಲ್ಲಿ ನೋಡಿದೆ ಎಂದು ಧೈರ್ಯವಾಗಿ ಹೇಳಬಹುದಾದ ಜಾಗ ಅದೊಂದೇ.

ಕೆಟ್ಟದ್ದು ಹೆದ್ದಾರಿ. ಕುಷ್ಟಗಿಯ ಮೇಲೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಲಾರಿ ಪಕ್ಕ ಹಾದರೆ ಹ್ಯಾಂಡಲ್ ಅಲುಗುತ್ತದೆ. ಗಂಗಾವತಿ ಸುತ್ತ ರಸ್ತೆಯ ಅರ್ಧಕ್ಕೆ ಭತ್ತ ಒಣಹಾಕಿ ಅಂಚಿಗೆ ಕಲ್ಲು ಇಟ್ಟಿರುತ್ತಾರೆ. ರೈತನಿಗೆ ಕಣವಿಲ್ಲ, ಅವನನ್ನು ದೂರಲಾರೆ. ಸವಾರ ಲಾರಿಯ ದಾರಿಗೇ ಇಳಿಯಬೇಕು. ಕೊನೆಯ ದಿನ ಗಿಣಿಗೇರಿಯ ಕಾರ್ಖಾನೆಗಳ ಹೊಗೆಯಲ್ಲಿ ಗಂಟಲು ಉರಿಯಿತು. ಅಲ್ಲಿಯ ಜನ ಅದೇ ಗಾಳಿಯನ್ನು ದಿನವೂ ಉಸಿರಾಡುತ್ತಾರೆ.

ಇಷ್ಟಾಗಿಯೂ ಈ ಸುತ್ತನ್ನು ಮಾಡಿ ಎಂದೇ ಹೇಳುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಮಾತ್ರ. ದಿನಕ್ಕೆ ಮೂವತ್ತು ಕಿಲೋಮೀಟರ್, ಹೆಚ್ಚು ಬೇಡ. ಹೆದ್ದಾರಿ ಬಿಟ್ಟು ಹಳ್ಳಿದಾರಿ. ಕುಷ್ಟಗಿಗೆ 2025ರಲ್ಲಿ ರೈಲು ಬಂದಿದೆ, ಸಾಕೆನಿಸಿದರೆ ಅಲ್ಲಿಂದಲೇ ಮರಳಬಹುದು. ಲೋಕೋಪಯೋಗಿ ಇಲಾಖೆಯನ್ನು ಕೇಳುವುದು ಒಂದೇ: ರಸ್ತೆ ಅಗಲ ಮಾಡುವಾಗ ಅಂಚಿಗೆ ಸೈಕಲ್ಲಿಗೆಂದು ಮೂರಡಿ ಬಿಡಿ. ನಾನು ವರ್ಷಕ್ಕೊಮ್ಮೆ ಬರುವವನು. ಅದೇ ಅಂಚಿನಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಮಕ್ಕಳು ದಿನವೂ ಶಾಲೆಗೆ ಸೈಕಲ್ ತುಳಿಯುತ್ತಾರೆ.