ಟೈಲ್ಸ್ ಬೆನ್ನಿಗೆ ನಿಂತ ಲೇಪ

ಬಚ್ಚಲುಮನೆ ಚೆನ್ನಾಗಿದೆ ಎಂದು ನಾವು ಹೊಗಳುವುದು ಟೈಲ್ಸ್ ನೋಡಿ. ನನ್ನ ಮೆಚ್ಚುಗೆ ಅದರ ಹಿಂದಿರುವ ವಾಟರ್‌ಪ್ರೂಫಿಂಗ್ ಲೇಪಕ್ಕೆ. ಟೈಲ್ಸ್ ನೀರು ಕುಡಿಯದಿದ್ದರೂ ಸಂದಿಗೆ ತುಂಬಿದ ಸಿಮೆಂಟ್ ಗ್ರೌಟ್ ಕುಡಿಯುತ್ತದೆ. ಆ ತೇವಕ್ಕೆ ತಡೆಯಿಲ್ಲದಿದ್ದರೆ ಪಕ್ಕದ ಕೋಣೆಯ ಗೋಡೆಯ ಬಣ್ಣ ಉಬ್ಬಿ ಉದುರುತ್ತದೆ.

ನಮ್ಮ ಇಟ್ಟಿಗೆ ಗೋಡೆಗಳಲ್ಲಿ ಕೆಲಸ ಬಲ್ಲ ಮೇಸ್ತ್ರಿಗಳ ಕೈಚಳಕ ನೋಡಬೇಕು. ಗೋಡೆ, ನೆಲ ಕೂಡುವ ಮೂಲೆಗೆ ಗಾರೆ ಕೊಟ್ಟು ದುಂಡಗೆ ಮಾಡುತ್ತಾರೆ. ಬಿರುಕು ಮೊದಲು ಬಾಯಿಬಿಡುವುದು ಚೂಪು ಮೂಲೆಯಲ್ಲೇ. ಗೋಡೆಯನ್ನು ಹದವಾಗಿ ನೆನೆಸಿ, ಪಾಲಿಮರ್ ದ್ರವಕ್ಕೆ ಸಿಮೆಂಟ್ ಪುಡಿ ಕಲಸಿ ಗಂಟಿಲ್ಲದಂತೆ ಬಳಿಯುತ್ತಾರೆ. ಮೊದಲ ಕೋಟ್ ಹಸಿಯಿರುವಾಗಲೇ ಮೂಲೆಗೆ ಫೈಬರ್ ಜಾಲರಿ ಕೂರಿಸುತ್ತಾರೆ. ಮೊದಲನೆಯದು ಅಡ್ಡಕ್ಕೆ, ಒಣಗಿದ ಮೇಲೆ ಎರಡನೆಯದು ಉದ್ದಕ್ಕೆ. ಒಂದರಲ್ಲಿ ಉಳಿದ ಸೂಜಿಮೊನೆಯಷ್ಟು ತೂತನ್ನು ಇನ್ನೊಂದು ಮುಚ್ಚುತ್ತದೆ. ಪೈಪ್ ಹೊರಬರುವ ಜಾಗದ ಸುತ್ತ ಬ್ರಷ್ ತುದಿಯಿಂದ ಮತ್ತೊಮ್ಮೆ ತುಂಬುತ್ತಾರೆ.

ಮರದ ಚೌಕಟ್ಟಿನ ಅಮೆರಿಕದ ಮನೆಗಳಲ್ಲಿ ಟೈಲ್ಸ್ ಹಿಂದೆ ಸಿಮೆಂಟ್ ಬೋರ್ಡ್ ಕೂರಿಸುವುದುಂಟು. ಸಾಮಾನ್ಯ ಜಿಪ್ಸಮ್ ಬೋರ್ಡಿನ ಕಾಗದ ನೆನೆದರೆ ಬೂಷ್ಟು ಹಿಡಿಯುತ್ತದೆ. ಸಿಮೆಂಟ್ ಬೋರ್ಡ್ ನೆನೆದರೂ ಕೊಳೆಯದು. ಆದರೆ ಅದು ನೀರನ್ನು ಒಳಗೆ ಬಿಡುತ್ತದೆ. ಹಾಗಾಗಿ ಅದರ ಮೇಲೆ ಲೇಪವೋ ಹಿಂದೆ ಪ್ಲಾಸ್ಟಿಕ್ ಹಾಳೆಯೋ ಬೇಕೇ ಬೇಕು.

ಮನೆ ಕಟ್ಟಿಸುವವರು ಲೇಪ ಶವರ್‌ಗಿಂತ ಮೇಲಕ್ಕೆ ಹೋಗಿದೆಯೇ ನೋಡಲಿ. ಟೈಲ್ಸ್ ಹಾಕುವ ಮುನ್ನ ನೆಲದಲ್ಲಿ ಒಂದು ದಿನವಾದರೂ ನೀರು ಕಟ್ಟಿ ಪರೀಕ್ಷಿಸಲಿ. ಟೈಲ್ಸ್ ದರದಲ್ಲಿ ಚೌಕಾಸಿ ಮಾಡಿ, ಪರವಾಗಿಲ್ಲ; ಲೇಪದಲ್ಲಿ ಖಂಡಿತ ಬೇಡ.