ಯುದ್ಧನಾಯಕರ ತಪಾಸಣೆಗೆ ಯಾವ ಕಾಲದ ಅಳತೆಗೋಲು?

ಗತಕಾಲದ ರಾಷ್ಟ್ರನಾಯಕರ ನಡತೆಯನ್ನು ಕುರಿತು ಚರ್ಚೆ ನಡೆದಾಗಲೆಲ್ಲ ಒಂದು ವಾದವು ತಪ್ಪದೆ ಎದುರಾಗುತ್ತದೆ. ಅವರನ್ನು ಅವರ ಕಾಲದ ಅಳತೆಗೋಲಿನಿಂದ ಅಳೆಯಬೇಕೇ ಹೊರತು ಇಂದಿನ ಅಳತೆಗೋಲಿನಿಂದ ಅಳೆಯಕೂಡದು ಎಂಬುದೇ ಆ ವಾದ. ಯುದ್ಧವನ್ನು ನಡೆಸಿದವರ ವಿಷಯದಲ್ಲಂತೂ ಈ ಮಾತನ್ನು ಕೊನೆಯ ತೀರ್ಪೆಂಬಂತೆ ಆಡಿ ಚರ್ಚೆಯನ್ನು ಮುಗಿಸಿಬಿಡುವುದು ವಾಡಿಕೆಯಾಗಿದೆ. ಈ ವಾದದಲ್ಲಿ ಎಷ್ಟು ಭಾಗ ನ್ಯಾಯ, ಎಷ್ಟು ಭಾಗ ನುಣುಚಿಕೊಳ್ಳುವ ಜಾಣತನ ಎಂಬುದನ್ನು ವಿಮರ್ಶಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಾದದ ಮೂಲದಲ್ಲಿ ನ್ಯಾಯವಿದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ಲೆಕ್ಕಪತ್ರದ ವ್ಯವಹಾರವನ್ನು ಬಲ್ಲ ಯಾರಿಗೂ ಇದು ತಿಳಿದದ್ದೇ. ಒಂದು ವರ್ಷದ ಲೆಕ್ಕವನ್ನು ಆ ವರ್ಷ ಜಾರಿಯಲ್ಲಿದ್ದ ಕಾನೂನಿನ ಪ್ರಕಾರ ತಪಾಸಣೆ ಮಾಡಬೇಕು. ಈ ವರ್ಷ ಬಂದ ನಿಯಮವನ್ನು ಇಪ್ಪತ್ತು ವರ್ಷದ ಹಿಂದಿನ ಖಾತೆಯ ಮೇಲೆ ಹೇರಿ ತಪ್ಪು ಹಿಡಿಯುವ ಆಡಿಟರು ಯೋಗ್ಯನಲ್ಲ. ನಮ್ಮ ಆಗಮಗಳೂ ಯಾವುದೇ ವಸ್ತುವನ್ನು ದ್ರವ್ಯ, ಕ್ಷೇತ್ರ, ಕಾಲ, ಭಾವಗಳೆಂಬ ನಾಲ್ಕರ ಅಪೇಕ್ಷೆಯಿಂದ ನೋಡಬೇಕೆಂದು ವಿಧಿಸಿವೆ. ಆದುದರಿಂದಲೇ ಅನೇಕಾಂತದಲ್ಲಿ ಶ್ರದ್ಧೆಯುಳ್ಳ ನಮ್ಮವರಿಗೆ ಈ ವಾದವು ಬಹುಬೇಗ ಹಿಡಿಸುತ್ತದೆ. ಆದರೆ ನಾಲ್ಕರಲ್ಲಿ ಕಾಲವೂ ಒಂದು ಎಂಬುದು ಬೇರೆ, ಕಾಲವೊಂದೇ ಸಾಕು ಎಂಬುದು ಬೇರೆ. ಅಲ್ಲದೆ ಇನ್ನೊಂದು ಪ್ರಶ್ನೆಯೂ ಉಳಿಯುತ್ತದೆ. ಆ ಕಾಲದ ಅಳತೆಗೋಲು ಯಾವುದಾಗಿತ್ತು? ಅದನ್ನು ಯಾರು ನಿರ್ಣಯಿಸಬೇಕು? "ಆಗ ಎಲ್ಲರೂ ಹಾಗೆಯೇ ಮಾಡುತ್ತಿದ್ದರು" ಎಂಬ ಉತ್ತರವು ಅಳತೆಗೋಲನ್ನು ತೋರಿಸುವುದಿಲ್ಲ. ಅಳತೆ ತಪ್ಪಿದವರ ಸಂಖ್ಯೆಯನ್ನಷ್ಟೇ ತೋರಿಸುತ್ತದೆ.

ಅಮೂರ್ತ ಚರ್ಚೆಯಿಂದ ಪ್ರಯೋಜನವಿಲ್ಲವಾದ್ದರಿಂದ ಒಂದು ನಿದರ್ಶನವನ್ನು ತೆಗೆದುಕೊಳ್ಳೋಣ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯು ಜರ್ಮನಿಯ ನಗರಗಳ ಮೇಲೆ ನಡೆಸಿದ ಬಾಂಬು ದಾಳಿಯೇ ಆ ನಿದರ್ಶನ. ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಹಿಟ್ಲರನ ಅನ್ಯಾಯವನ್ನು ಕುರಿತು ಎರಡನೆಯ ಮಾತಿಲ್ಲ. ಅವನನ್ನು ತಡೆಯುವ ಯುದ್ಧವು ನ್ಯಾಯವಾದ ಯುದ್ಧವೇ ಆಗಿತ್ತು. ನ್ಯಾಯದ ಪಕ್ಷದಲ್ಲಿ ನಿಂತವರ ಕೃತ್ಯವನ್ನು ಅಳೆಯುವಾಗಲೇ ಅಳತೆಗೋಲಿನ ನಿಜವಾದ ಪರೀಕ್ಷೆಯಾಗುತ್ತದೆ. ಭಾರತೀಯರಾದ ನಮಗೆ ವಿನ್‌ಸ್ಟನ್ ಚರ್ಚಿಲ್ಲರ ಮೇಲೆ 1943ರ ಬಂಗಾಳದ ಕ್ಷಾಮದ ಕಾರಣದಿಂದ ಬೇರೆಯೇ ಒಂದು ಲೆಕ್ಕವಿದೆ. ಆ ಖಾತೆಯ ಬಾಕಿಯನ್ನು ಈ ಖಾತೆಗೆ ವರ್ಗಾಯಿಸುವುದು ಸರಿಯಲ್ಲವಾದ್ದರಿಂದ ಅದನ್ನು ಇಲ್ಲಿ ಪ್ರತ್ಯೇಕವಾಗಿಯೇ ಇಡುತ್ತೇನೆ.

ಮೊದಲು ಪ್ರತಿವಾದಿಯ ಪಕ್ಷವನ್ನು ಅದರ ಪೂರ್ಣ ಬಲದೊಡನೆ ಹೇಳಬೇಕು. 1940ರ ಜೂನ್‌ನಲ್ಲಿ ಫ್ರಾನ್ಸು ಶರಣಾಯಿತು. ಯೂರೋಪಿನಲ್ಲಿ ಜರ್ಮನಿಯನ್ನು ಎದುರಿಸಿ ಬ್ರಿಟನ್ ಬಹುಮಟ್ಟಿಗೆ ಏಕಾಂಗಿಯಾಗಿ ನಿಂತಿತು. ಅದಕ್ಕೆ ಮುಂಚೆಯೇ ಜರ್ಮನರು ವಾರ್ಸಾ, ರಾಟರ್‌ಡಾಮ್ ನಗರಗಳನ್ನು ಸುಟ್ಟಿದ್ದರು. 1940ರ ಸೆಪ್ಟೆಂಬರ್‌ನಿಂದ 1941ರ ಮೇ ತನಕ ನಡೆದ ದಾಳಿಗಳಲ್ಲಿ ಬ್ರಿಟನ್ನಿನ ನಾಗರಿಕರು 40,000ಕ್ಕಿಂತ ಹೆಚ್ಚು ಮಂದಿ ಸತ್ತರು. ಜರ್ಮನಿಯ ನೆಲದ ಮೇಲೆ ಪೆಟ್ಟು ಕೊಡಲು ವಿಮಾನಗಳ ಹೊರತು ಬ್ರಿಟನ್ನಿನ ಬಳಿ ಬೇರೆ ಸಾಧನವಿರಲಿಲ್ಲ. ಹಗಲಿನಲ್ಲಿ ಹಾರಿದರೆ ವಿಮಾನಗಳು ಉಳಿಯುತ್ತಿರಲಿಲ್ಲ. ರಾತ್ರಿ ಹಾರಿದರೆ ಗುರಿ ಸಿಗುತ್ತಿರಲಿಲ್ಲ. ಗುರಿಯ ಮೇಲೆ ದಾಳಿ ಮಾಡಿ ಬಂದೆವೆಂದು ವರದಿ ಮಾಡಿದ ವಿಮಾನಗಳಲ್ಲಿ ಮೂರರಲ್ಲಿ ಒಂದು ಮಾತ್ರ ಗುರಿಯ ಐದು ಮೈಲಿಯೊಳಗೆ ತಲಪಿತ್ತೆಂದು 1941ರ ಆಗಸ್ಟ್‌ನ ಬಟ್ ವರದಿಯು ಛಾಯಾಚಿತ್ರಗಳ ಆಧಾರದಿಂದ ತೋರಿಸಿತು. ಇಂಥ ಸಂಕಟದಲ್ಲಿ ತೆಗೆದುಕೊಂಡ ನಿರ್ಣಯವನ್ನು ಆರಾಮಕುರ್ಚಿಯಲ್ಲಿ ಕುಳಿತು ಖಂಡಿಸುವುದು ಸುಲಭ. ಈ ಮಾತಿನ ತೂಕವನ್ನು ನಾನು ಕಡಿಮೆ ಮಾಡುವುದಿಲ್ಲ.

ಈಗ ಆ ಕಾಲದ ಅಳತೆಗೋಲು ಏನಿತ್ತೆಂಬುದನ್ನು ನೋಡೋಣ. ಅದನ್ನು ನಾವು ಊಹಿಸಬೇಕಾದ ಅಗತ್ಯವಿಲ್ಲ. ಬ್ರಿಟನ್ನಿನ ಸರ್ಕಾರವೇ ಅದನ್ನು ಬರೆದಿಟ್ಟಿದೆ. 1938ರ ಜೂನ್‌ನಲ್ಲಿ ಪ್ರಧಾನಿ ನೆವಿಲ್ ಚೇಂಬರ್ಲಿನ್ನರು ಕಾಮನ್ಸ್ ಸಭೆಯಲ್ಲಿ ಮೂರು ತತ್ತ್ವಗಳನ್ನು ನಿರೂಪಿಸಿದರು. ನಾಗರಿಕರ ಮೇಲೆ ಬುದ್ಧಿಪೂರ್ವಕವಾಗಿ ಬಾಂಬು ಹಾಕುವುದು ಅಂತರರಾಷ್ಟ್ರೀಯ ನ್ಯಾಯಕ್ಕೆ ವಿರುದ್ಧ. ದಾಳಿಯ ಗುರಿಯು ನ್ಯಾಯಸಮ್ಮತವಾದ, ಗುರುತಿಸಬಹುದಾದ ಸೈನಿಕ ಗುರಿಯಾಗಿರಬೇಕು. ಅಂಥ ಗುರಿಯನ್ನು ಹೊಡೆಯುವಾಗಲೂ ಅಜಾಗರೂಕತೆಯಿಂದ ನೆರೆಯ ನಾಗರಿಕರು ಹತರಾಗದಂತೆ ಎಚ್ಚರ ವಹಿಸಬೇಕು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ರಾಷ್ಟ್ರಸಂಘದ ಮಹಾಸಭೆಯು ಈ ತತ್ತ್ವಗಳನ್ನು ಅಂಗೀಕರಿಸಿತು. 1939ರ ಸೆಪ್ಟೆಂಬರ್ 1ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರು ನಗರಗಳ ಮೇಲೆ ಬಾಂಬು ಹಾಕಬಾರದೆಂದು ಯುದ್ಧನಿರತ ರಾಷ್ಟ್ರಗಳನ್ನು ಬೇಡಿಕೊಂಡಾಗ ಬ್ರಿಟನ್ ಅದಕ್ಕೆ ಸಮ್ಮತಿಸಿತು. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಕಾಣುತ್ತದೆಯಷ್ಟೆ. ಚೇಂಬರ್ಲಿನ್ನರ ಮೂರನೆಯ ತತ್ತ್ವದ ಅರ್ಥವೂ ಅದರ ಸಮೀಪವೇ ಇದೆ. ಹೀಗಿರುವಲ್ಲಿ ನಾಗರಿಕರನ್ನು ರಕ್ಷಿಸಬೇಕೆಂಬ ನಿಯಮವು ನಮ್ಮ ಪೀಳಿಗೆಯ ಸುಕುಮಾರ ಮನಸ್ಸಿನ ಸೃಷ್ಟಿ ಎಂದು ಹೇಳುವುದು ಇತಿಹಾಸಕ್ಕೆ ಅಪಚಾರ.

ಇಷ್ಟಾಗಿಯೂ 1942ರ ಫೆಬ್ರವರಿ 14ರಂದು ಬಾಂಬರ್ ಪಡೆಗೆ ಹೊಸ ಆದೇಶ ಹೊರಟಿತು. ಶತ್ರುದೇಶದ ನಾಗರಿಕರ, ಮುಖ್ಯವಾಗಿ ಕೈಗಾರಿಕಾ ಕಾರ್ಮಿಕರ ಧೈರ್ಯವನ್ನು ಮುರಿಯುವುದೇ ಇನ್ನು ಪ್ರಧಾನ ಉದ್ದೇಶವೆಂದು ಅದರಲ್ಲಿ ಹೇಳಿತ್ತು. ಮರುದಿನವೇ ವಾಯುಪಡೆಯ ಮುಖ್ಯಸ್ಥ ಚಾರ್ಲ್ಸ್ ಪೋರ್ಟಲ್, ಗುರಿಯಿಡಬೇಕಾದದ್ದು ಜನವಸತಿಯ ಪ್ರದೇಶಗಳಿಗೇ ವಿನಾ ಹಡಗುಕಟ್ಟೆಗಳಿಗಾಗಲಿ ವಿಮಾನ ಕಾರ್ಖಾನೆಗಳಿಗಾಗಲಿ ಅಲ್ಲ ಎಂದು ಸ್ಪಷ್ಟಪಡಿಸಿದರು. ಅದೇ ತಿಂಗಳು ಆರ್ಥರ್ ಹ್ಯಾರಿಸ್ ಈ ಪಡೆಯ ದಂಡನಾಯಕರಾದರು. 1943ರ ಜುಲೈ ಕೊನೆಯ ವಾರದ ದಾಳಿಗಳಲ್ಲಿ ಹ್ಯಾಂಬರ್ಗ್ ನಗರದಲ್ಲಿ ಎದ್ದ ಅಗ್ನಿಪ್ರಳಯಕ್ಕೆ ಸುಮಾರು 40,000 ಜನ ಆಹುತಿಯಾದರು.

ಗೃಹಸ್ಥನ ಹಿಂಸೆಯನ್ನು ನಮ್ಮವರು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕಾಗಿ ವಿಂಗಡಿಸಿದ್ದಾರೆ. ಆಕ್ರಮಣಕಾರನನ್ನು ತಡೆಯುವ ವಿರೋಧಿ ಹಿಂಸೆಯು ಗೃಹಸ್ಥನಿಗೆ ಅನಿವಾರ್ಯವಾಗಬಹುದು. ಸಂಕಲ್ಪಿ ಹಿಂಸೆಯು ಎಂದಿಗೂ ಸಲ್ಲದು. ಕಾರ್ಖಾನೆಗೆ ಗುರಿಯಿಟ್ಟ ಬಾಂಬು ತಪ್ಪಿ ಮನೆಯ ಮೇಲೆ ಬಿದ್ದರೆ ಅದು ಮೊದಲನೆಯ ಬಗೆಗೆ ಸೇರಬಹುದು. ಮನೆಯನ್ನೇ ಗುರಿಯೆಂದು ಆದೇಶದಲ್ಲಿ ಬರೆದಾಗ ಅದು ಯಾವ ಬಗೆಗೆ ಸೇರುತ್ತದೆಂದು ವಾಚಕರಿಗೆ ವಿವರಿಸಬೇಕಾಗಿಲ್ಲ.

ನನ್ನ ವಾದದ ಮುಖ್ಯ ಆಧಾರವು ಇನ್ನು ಮುಂದಿದೆ. ಈ ಆದೇಶವನ್ನು ಸರ್ಕಾರವು ತನ್ನ ಪ್ರಜೆಗಳಿಗೆ ತಿಳಿಸಲಿಲ್ಲ. 1943ರ ಮಾರ್ಚ್‌ನಲ್ಲಿ ರಿಚರ್ಡ್ ಸ್ಟೋಕ್ಸ್ ಎಂಬ ಸದಸ್ಯರು ಈ ಬಗ್ಗೆ ಕಾಮನ್ಸ್ ಸಭೆಯಲ್ಲಿ ಪ್ರಶ್ನಿಸಿದಾಗ, ವಾಯುಪಡೆಯ ಮಂತ್ರಿ ಸಿಂಕ್ಲೇರರು ನಮ್ಮ ಗುರಿಗಳು ಯಾವಾಗಲೂ ಸೈನಿಕ ಗುರಿಗಳೇ ಎಂದು ಉತ್ತರಿಸಿದರು. ನಗರಗಳ ನಾಶವೇ ನಮ್ಮ ಉದ್ದೇಶವೆಂದು ಬಹಿರಂಗವಾಗಿ ಒಪ್ಪಿಕೊಳ್ಳಿರಿ ಎಂದು ಅದೇ ವರ್ಷದ ಅಕ್ಟೋಬರ್‌ನಲ್ಲಿ ಹ್ಯಾರಿಸರೇ ಒತ್ತಾಯಿಸಿದರು, ಸರ್ಕಾರ ಒಪ್ಪಲಿಲ್ಲ. ವ್ಯಾಪಾರಿಗಳಾದ ನಮಗೆ ಇದರ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿಯಲ್ಲಿ ಎರಡು ಲೆಕ್ಕದ ಪುಸ್ತಕಗಳನ್ನು ಇಡುವವನು ಯಾರು? ಕಾನೂನನ್ನು ತಿಳಿಯದವನು ಒಂದೇ ಪುಸ್ತಕವನ್ನಿಟ್ಟು ಅದರಲ್ಲಿಯೇ ತಪ್ಪು ಬರೆಯುತ್ತಾನೆ. ಎರಡನೆಯ ಪುಸ್ತಕ ಬೇಕಾಗುವುದು ಕಾನೂನನ್ನು ಚೆನ್ನಾಗಿ ಬಲ್ಲವನಿಗೆ. ಪಾರ್ಲಿಮೆಂಟಿಗೆ ಒಂದು ಲೆಕ್ಕ, ದಂಡನಾಯಕನಿಗೆ ಇನ್ನೊಂದು ಲೆಕ್ಕ ಎಂಬ ಏರ್ಪಾಡು ಇದ್ದದ್ದೇ ಆ ಕಾಲದ ಅಳತೆಗೋಲು ಅವರ ಕಣ್ಣೆದುರಿಗೆ ಇತ್ತೆಂಬುದಕ್ಕೆ ಸಾಕ್ಷಿ. ತಪ್ಪೆಂದು ಅರಿಯದೆ ಮಾಡಿದರು ಎಂಬ ರಿಯಾಯಿತಿ ಇವರಿಗೆ ದೊರೆಯದು.

ಆ ಕಾಲದಲ್ಲಿಯೇ ಪ್ರತಿಭಟಿಸಿದವರೂ ಇದ್ದರು. ಚಿಚೆಸ್ಟರ್‌ನ ಬಿಷಪ್ ಜಾರ್ಜ್ ಬೆಲ್ 1944ರ ಫೆಬ್ರವರಿ 9ರಂದು ಲಾರ್ಡ್ಸ್ ಸಭೆಯಲ್ಲಿ ಎದ್ದುನಿಂತು, ಸೈನಿಕ ಗುರಿಗಳ ಮೇಲಿನ ದಾಳಿಯನ್ನು ಒಪ್ಪುತ್ತಲೇ, ಇಡೀ ನಗರಗಳನ್ನು ಅಳಿಸಿಹಾಕುವುದು ಯಾವ ನ್ಯಾಯವೆಂದು ಸರ್ಕಾರವನ್ನು ಕೇಳಿದರು. ಇವರು ಹಿಟ್ಲರನ ಮೇಲೆ ಮೃದುಭಾವವಿದ್ದವರಲ್ಲ. ಅವನಿಗೆ ಅಂಜಿ ಓಡಿಬಂದ ನಿರಾಶ್ರಿತರಿಗೆ ಆಸರೆಯಾಗಿದ್ದವರು. ಲೇಖಕಿ ವೆರಾ ಬ್ರಿಟೇನ್ ಅದೇ ವರ್ಷ ಈ ದಾಳಿಗಳನ್ನು ಖಂಡಿಸಿ ಒಂದು ಪುಸ್ತಕವನ್ನೇ ಪ್ರಕಟಿಸಿದರು. ಕಾಲದ ಅಳತೆಗೋಲು ಎನ್ನುವವರು ಆ ಕಾಲದಲ್ಲಿಯೇ ಬಾಳಿದ ಇಂಥವರ ಮಾತನ್ನು ಆ ಕಾಲದಿಂದ ಹೊರಗಿಡುವುದು ಯಾವ ನ್ಯಾಯ? ಬಹುಮತವು ಒಂದು ಕಡೆಗಿತ್ತೆಂದ ಮಾತ್ರಕ್ಕೆ ಅಲ್ಪಮತವು ಮುಂದಿನ ಶತಮಾನಕ್ಕೆ ಸೇರಿದ್ದಾಗುವುದಿಲ್ಲ.

ಸ್ವತಃ ಚರ್ಚಿಲ್ಲರ ಭಾವವೂ ಏಕರೂಪವಾಗಿರಲಿಲ್ಲ. 1943ರ ಜೂನ್‌ನಲ್ಲಿ ದಾಳಿಯ ಚಲನಚಿತ್ರವನ್ನು ನೋಡುತ್ತಿದ್ದಾಗ ಥಟ್ಟನೆ ಎದ್ದು ಕುಳಿತು, ನಾವು ಮೃಗಗಳೇ, ಇದು ಮಿತಿಮೀರಲಿಲ್ಲವೇ ಎಂದು ಕೇಳಿದ್ದನ್ನು ಜೊತೆಯಲ್ಲಿದ್ದ ರಿಚರ್ಡ್ ಕೇಸಿ ದಾಖಲಿಸಿದ್ದಾರೆ. 1944ರಲ್ಲಿ ಫ್ರಾನ್ಸಿನ ರೈಲುಮಾರ್ಗಗಳ ಮೇಲೆ ದಾಳಿ ನಡೆಸುವಾಗ ಫ್ರೆಂಚ್ ನಾಗರಿಕರ ಸಾವು 10,000ವನ್ನು ಮೀರಕೂಡದೆಂದು ಅವರೇ ಪಟ್ಟುಹಿಡಿದರು. ಎಂದ ಮೇಲೆ ಎಣಿಸಿ ನೋಡುವ, ಮಿತಿ ಹಾಕುವ ವಿವೇಕ ಅವರಲ್ಲಿತ್ತು; ಜರ್ಮನ್ ನಗರಗಳ ವಿಷಯದಲ್ಲಿ ಅದನ್ನು ಅವರು ಬಳಸಲಿಲ್ಲ. 1945ರ ಫೆಬ್ರವರಿ 13ರಿಂದ 15ರವರೆಗೆ ಬ್ರಿಟಿಷ್ ಹಾಗೂ ಅಮೆರಿಕನ್ ವಿಮಾನಗಳು ಡ್ರೆಸ್ಡೆನ್ ನಗರವನ್ನು ಸುಟ್ಟವು. ಸತ್ತವರು ಲಕ್ಷಗಟ್ಟಲೆ ಎಂದು ನಾಜಿಗಳು ಪ್ರಚಾರ ಮಾಡಿದರು. ಹೆಚ್ಚೆಂದರೆ 25,000 ಎಂದು ಆ ನಗರವೇ ನೇಮಿಸಿದ ಇತಿಹಾಸಜ್ಞರ ಸಮಿತಿಯು 2010ರಲ್ಲಿ ನಿರ್ಣಯಿಸಿತು. ಖಂಡಿಸುವ ಉತ್ಸಾಹದಲ್ಲಿ ಸಂಖ್ಯೆಯನ್ನು ಉಬ್ಬಿಸುವುದೂ ಅಸತ್ಯವೇ. 25,000 ಎಂಬುದೇ ಸಾಕಷ್ಟು ಭಾರವಾದ ಸಂಖ್ಯೆ. ಮಾರ್ಚ್ 28ರಂದು ಚರ್ಚಿಲ್ಲರು ತಮ್ಮ ಸೇನಾಮುಖ್ಯಸ್ಥರಿಗೆ ಬರೆದ ಟಿಪ್ಪಣಿಯಲ್ಲಿ, ಬೇರೆ ನೆಪಗಳನ್ನು ಹೇಳಿಕೊಂಡು ಕೇವಲ ಭೀತಿಯನ್ನು ಹೆಚ್ಚಿಸಲು ನಗರಗಳ ಮೇಲೆ ಬಾಂಬು ಹಾಕುವುದನ್ನು ಮರುಪರಿಶೀಲಿಸಬೇಕೆಂದು ಸೂಚಿಸಿದರು. ಪೋರ್ಟಲ್ ಆಕ್ಷೇಪಿಸಿದ್ದರಿಂದ ಅದನ್ನು ಹಿಂದೆಗೆದುಕೊಂಡು ಏಪ್ರಿಲ್ 1ರಂದು ಮೆದುವಾದ ಇನ್ನೊಂದು ಟಿಪ್ಪಣಿಯನ್ನು ಕಳುಹಿಸಿದರು. ಮೇ 13ರಂದು ರೇಡಿಯೋದಲ್ಲಿ ಮಾಡಿದ ವಿಜಯಭಾಷಣದಲ್ಲಿ ಈ ದಾಳಿಗಳ ಪ್ರಸ್ತಾಪವನ್ನೇ ಮಾಡಲಿಲ್ಲ.

ಹಾಗಾದರೆ ತೀರ್ಪೇನು? 1941ರ ಸಂಕಟವು 1941ರ ನಿರ್ಣಯಕ್ಕೆ ಸ್ವಲ್ಪಮಟ್ಟಿಗೆ ಸಮಾಧಾನವಾಗಬಹುದು. ಗೆಲುವು ಖಚಿತವಾಗಿದ್ದ 1945ರ ಕೃತ್ಯಕ್ಕೆ ಅದನ್ನು ಜಮಾ ಮಾಡಿಕೊಳ್ಳಲಾಗದು. ಕಾಲವನ್ನು ಗಮನಿಸಬೇಕೆನ್ನುವವರು ಈ ನಾಲ್ಕು ವರ್ಷಗಳ ಅಂತರವನ್ನೂ ಗಮನಿಸಬೇಕು. ಇದರಿಂದ ಹಿಟ್ಲರನೂ ಚರ್ಚಿಲ್ಲರೂ ಸಮಾನರೆಂದು ಯಾರೂ ಭಾವಿಸಬಾರದು. ದೊಡ್ಡ ಸಾಲಗಾರನೊಬ್ಬನಿದ್ದಾನೆಂದು ಸಣ್ಣ ಸಾಲವು ತೀರುವುದಿಲ್ಲ ಎಂಬುದಷ್ಟೇ ನನ್ನ ಮಾತು. ವಿಮಾನಗಳಲ್ಲಿ ಹಾರಿದ ತರುಣರ ಮೇಲೂ ಈ ಭಾರವನ್ನು ಹೊರಿಸಲಾರೆ. ಸುಮಾರು 1,25,000 ವಿಮಾನಸಿಬ್ಬಂದಿಯಲ್ಲಿ 55,573 ಮಂದಿ ಮಡಿದರು. ಎರಡನೆಯ ಪುಸ್ತಕವನ್ನು ಬರೆದವರು ಅವರಲ್ಲ.

ಕಾಲದ ಅಳತೆಗೋಲು ಇಂದಿನದಕ್ಕಿಂತ ಸಡಿಲವಾಗಿರುತ್ತದೆ ಎಂಬ ಭ್ರಮೆಯೇ ಈ ವಾದದ ಬಂಡವಾಳ. ಪ್ರಾಮಾಣಿಕವಾಗಿ ಪ್ರಯೋಗಿಸಿದರೆ ಅದು ಹಲವು ಸಲ ಹೆಚ್ಚು ಬಿಗಿಯಾಗಿರುತ್ತದೆ. ಇಂದಿನ ನಿಯಮದಿಂದ ಅಳೆದರೆ, ಅದು ನಮಗೆ ಗೊತ್ತಿರಲಿಲ್ಲ ಎಂದು ನಾಯಕನು ಹೇಳಬಹುದು. ತಾನೇ ಸಾರಿದ ನಿಯಮದಿಂದ ಅಳೆದರೆ ಅವನು ಏನು ಹೇಳಿಯಾನು?

ಪರರನ್ನು ತೂಗಿದ ತಕ್ಕಡಿಯನ್ನು ನಮ್ಮ ಮನೆಗೂ ತರಬೇಕಾಗುತ್ತದೆ. ನಮ್ಮಲ್ಲಿಯೂ ದಂಡನಾಯಕರಿದ್ದರು. ಗಂಗರ ಸೇನಾಪತಿ ಚಾವುಂಡರಾಯನ ಸಮರಧುರಂಧರ, ವೀರಮಾರ್ತಂಡ, ರಣರಂಗಸಿಂಗ ಎಂಬ ಬಿರುದುಗಳನ್ನು ನಾವು ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಅವು ರಣಭೂಮಿಯಲ್ಲಿ ಬಂದ ಬಿರುದುಗಳು. ಯಾರಾದರೂ ಪ್ರಶ್ನಿಸಿದರೆ, ಆ ಕಾಲವೇ ಹಾಗಿತ್ತು ಎಂದು ನಾವೂ ಉತ್ತರಿಸುತ್ತೇವೆ. ಆದರೆ ಆ ಕಾಲವು ಹೇಗಿತ್ತು? ಭರತ ಬಾಹುಬಲಿಗಳ ಸೈನ್ಯಗಳು ಎದುರುಬದುರಾಗಿ ನಿಂತಾಗ, ನಿರಪರಾಧಿಗಳಾದ ಸೈನಿಕರೇಕೆ ಸಾಯಬೇಕೆಂದು ಮಂತ್ರಿಗಳು ತಡೆದು, ಅಣ್ಣತಮ್ಮಂದಿರೇ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಿಂದ ನಿರ್ಣಯಿಸಿಕೊಳ್ಳುವಂತೆ ಮಾಡಿದ ಕಥೆಯು ಆ ಕಾಲದಲ್ಲಿ ಮನೆಮಾತಾಗಿತ್ತು. ಪಂಪನು 941ರಲ್ಲಿಯೇ ತನ್ನ ಆದಿಪುರಾಣದಲ್ಲಿ ಅದನ್ನು ಕನ್ನಡಕ್ಕೆ ತಂದಿದ್ದನು. ಚಾವುಂಡರಾಯನು 978ರಲ್ಲಿ ತಾನೇ ಪುರಾಣವನ್ನು ಬರೆದವನು. ಸುಮಾರು 981ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಅವನು ನಿಲ್ಲಿಸಿದ್ದು ಗೆದ್ದ ಚಕ್ರವರ್ತಿಯ ವಿಗ್ರಹವನ್ನಲ್ಲ. ಗೆದ್ದ ಕ್ಷಣದಲ್ಲಿಯೇ ಗೆಲುವನ್ನು ಬಿಟ್ಟುಹೋದವನ ವಿಗ್ರಹವನ್ನು.

ಆ ಸೇನಾಪತಿಯನ್ನು ತೂಗಬೇಕಾದರೆ ನಾವು ಇಂದಿನ ಪುಸ್ತಕಗಳನ್ನು ಹುಡುಕಬೇಕಾಗಿಲ್ಲ. ತನ್ನ ಅಳತೆಗೋಲನ್ನು ಅವನೇ ಕಲ್ಲಿನಲ್ಲಿ ಕಡೆಯಿಸಿ ನಿಲ್ಲಿಸಿದ್ದಾನೆ. ಮಹಾಮಸ್ತಕಾಭಿಷೇಕದಲ್ಲಿ ಕಲಶವನ್ನೆತ್ತುವ ನಮ್ಮ ಮಕ್ಕಳಿಗೆ ಅವನ ಬಿರುದುಗಳೊಡನೆ ಈ ಮಾತನ್ನೂ ಹೇಳಿಕೊಡುವುದು ಒಳ್ಳೆಯದು.